ಕ್ಯಾಮೆರಾಗಾಗಿ ಒಂದು ಚಾಕೊಲೇಟ್ ಕೊಕ್ಕೊ ಕಾಯಿ: ಮುದ್ದೆಯಿಂದ ಚಿತ್ರದವರೆಗೆ

ಚಾಕೊಲೇಟಿನಲ್ಲಿ ಒಂದು ಆಕಾರ ಮಾಡಿ ಅದರ ಚಿತ್ರ ತೆಗೆಯಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೈಯಲ್ಲೇ ಕರಗುವುದನ್ನು ತಡೆಯುವುದು ಹೇಗೆ? ಮೇಲೆ ಬಿಳಿ ಪೊರೆ ಕಟ್ಟುವುದು ಏಕೆ? ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಫೋಟೋದಲ್ಲಿ ಕಪ್ಪು ಮುದ್ದೆಯಾಗಿ ಬರುವುದು ಏಕೆ?

ಕೊನೆಯ ಪ್ರಶ್ನೆಯ ಉತ್ತರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ಕೆಲಸದ ಕ್ರಮ ಅದರ ಮೇಲೆ ನಿಂತಿದೆ. ಕಡು ಬಣ್ಣದ ಚಾಕೊಲೇಟ್ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ನುಂಗಿಬಿಡುತ್ತದೆ. ಹಾಗಾಗಿ ಅದರ ಏರುತಗ್ಗು ನಮಗೆ ಕಾಣುವುದು ನೆರಳಿನಿಂದಲ್ಲ, ಮೇಲ್ಮೈಯ ಹೊಳಪಿನಿಂದ. ಹೊಳಪು ಎಲ್ಲಿ ಬೀಳುತ್ತದೆ ಎಂಬುದು ಬೆಳಕು ಮತ್ತು ಕ್ಯಾಮೆರಾ ಎಲ್ಲಿವೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಚೌಕಟ್ಟು ಮೊದಲು, ಶಿಲ್ಪ ಆಮೇಲೆ. ಸುತ್ತಲೂ ನಿಂತು ನೋಡುವ ಶಿಲ್ಪಕ್ಕೆ ನಾಲ್ಕು ಮುಖ ಬೇಕು. ಫೋಟೋಕ್ಕಾಗಿ ಮಾಡುವ ಶಿಲ್ಪಕ್ಕೆ ಒಂದೇ ಮುಖ ಸಾಕು, ಆದರೆ ಆ ಒಂದು ಮುಖದಲ್ಲಿ ಏನೂ ಕಡಿಮೆಯಾಗಬಾರದು.

ಉದಾಹರಣೆಗೆ ಕೊಕ್ಕೊ ಕಾಯಿಯನ್ನು ಆರಿಸಿಕೊಂಡಿದ್ದೇನೆ. ಚಾಕೊಲೇಟ್ ಎಲ್ಲಿಂದ ಬಂತೋ ಆ ಕಾಯಿಯನ್ನೇ ಚಾಕೊಲೇಟಿನಲ್ಲಿ ಮಾಡುವುದರಲ್ಲಿ ಒಂದು ಅರ್ಥವಿದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೊ ಉಪಬೆಳೆಯಾಗಿ ಬೆಳೆಯುತ್ತದೆ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಡೆಸುತ್ತಿದೆ. ಆದರೂ ದಿನವೂ ಚಾಕೊಲೇಟ್ ತಿನ್ನುವ ಎಷ್ಟೋ ಮಂದಿ ಆ ಕಾಯಿಯನ್ನು ನೋಡಿಲ್ಲ. ಇನ್ನೊಂದು ಕಾರಣ ಆಕಾರಕ್ಕೆ ಸಂಬಂಧಿಸಿದ್ದು. ಈ ಕಾಯಿಯ ಮೈಮೇಲೆ ತೊಟ್ಟಿನಿಂದ ತುದಿಯವರೆಗೆ ಹತ್ತು ಗೀರುಗಳಿವೆ, ಒಂದು ಬಿಟ್ಟು ಒಂದು ಆಳ. ನಡುವೆ ಏಣುಗಳು, ಏಣುಗಳ ಮೇಲೆ ಗಂಟುಗಂಟು. ಹೊಳಪು ಹಿಡಿಯಲು ಇದಕ್ಕಿಂತ ಒಳ್ಳೆಯ ಮೈ ಸಿಗುವುದು ಕಷ್ಟ. ಒಡೆದರೆ ಒಳಗೆ ಬಿಳಿ ಲೋಳೆ ಹೊದ್ದ ಬೀಜಗಳ ಸಾಲು. ಕಪ್ಪು ಒರಟು ಸಿಪ್ಪೆ, ಬಿಳಿ ನುಣುಪು ಬೀಜ. ಚಿತ್ರಕ್ಕೆ ಬೇಕಾದ ವೈರುಧ್ಯ ಅಲ್ಲೇ ಇದೆ.

ಬೇಕಾಗುವ ಸಾಮಾನು

ಸುಮಾರು 15 ಸೆಂಟಿಮೀಟರ್ ಉದ್ದದ ಕಾಯಿಗೆ 300 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್, 100 ಗ್ರಾಂ ಬಿಳಿ ಕಾಂಪೌಂಡ್, 150 ಗ್ರಾಂಗಿಂತ ತುಸು ಹೆಚ್ಚು ಲಿಕ್ವಿಡ್ ಗ್ಲೂಕೋಸ್, ಸ್ವಲ್ಪ ಕೊಕ್ಕೊ ಪುಡಿ. ಇಷ್ಟೂ ಬೇಕರಿ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಇದರ ಜೊತೆಗೆ ಅಲ್ಯೂಮಿನಿಯಂ ಫಾಯಿಲ್, ಕ್ಲಿಂಗ್ ಫಿಲ್ಮ್, ಡಿಜಿಟಲ್ ತಕ್ಕಡಿ, ಅಡುಗೆಯ ಥರ್ಮಾಮೀಟರ್, ಲಟ್ಟಣಿಗೆ, ಹಲ್ಲುಕಡ್ಡಿ, ಹೊಸ ಹಲ್ಲುಜ್ಜುವ ಬ್ರಷ್, ಎರಡು ಮೆತ್ತನೆಯ ಕುಂಚ ಮತ್ತು ತೆಳುವಾದ ನೈಟ್ರೈಲ್ ಕೈಗವಸು.

ಕಾಂಪೌಂಡ್ ಎಂದರೇನು ಎಂದು ಹೇಳಿಯೇ ಮುಂದೆ ಹೋಗಬೇಕು. ಅಸಲಿ ಚಾಕೊಲೇಟಿನ ಕೊಬ್ಬು ಕೊಕ್ಕೊ ಬೆಣ್ಣೆ. ಕಾಂಪೌಂಡಿನಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ; ಪೊಟ್ಟಣದ ಹಿಂದೆ ಬರೆದಿರುತ್ತಾರೆ, ಓದಿ ನೋಡಿ. ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ನಮಗೆ ಬೇಕಾದ ಹೊಳಪು ಮತ್ತು ಟಕ್ಕೆಂದು ಮುರಿಯುವ ಗುಣ ಕೊಡುವುದು ಒಂದೇ ಬಗೆ. ಅದನ್ನೇ ಪಡೆಯಲು ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸುವ ಕ್ರಮವೇ ಟೆಂಪರಿಂಗ್. ನಾವು ಮಾಡಲಿರುವ ಮುದ್ದೆಗೆ ಈ ಕಷ್ಟ ಬೇಡ. ತಿನ್ನಲು ನನಗೆ ಅಸಲಿಯೇ ಇಷ್ಟ. ಕೈಯಲ್ಲಿ ತಿದ್ದುತ್ತಾ ಹೊತ್ತು ಕಳೆಯುವ ಕೆಲಸಕ್ಕೆ ಮಾತ್ರ ನಮ್ಮ ಹವೆಯಲ್ಲಿ ಕಾಂಪೌಂಡನ್ನೇ ಆರಿಸಿಕೊಳ್ಳಿ. ಚಿತ್ರದಲ್ಲಿ ಅಸಲಿ ಚಾಕೊಲೇಟಿನ ಹೊಳೆಯುವ ಚೂರುಗಳು ಬೇಕೆಂದರೆ ಅಂಗಡಿಯ ಬಾರ್ ಒಂದನ್ನು ಮುರಿದು ಪಕ್ಕದಲ್ಲಿಡಿ. ಅದರ ಟೆಂಪರಿಂಗ್ ಕಾರ್ಖಾನೆಯಲ್ಲೇ ಆಗಿರುತ್ತದೆ.

ಹವೆಯ ಬಗ್ಗೆ ಒಂದು ಮಾತು. ಕೋಣೆ 20ರಿಂದ 22 ಡಿಗ್ರಿಯಲ್ಲಿದ್ದರೆ ಕೆಲಸ ಸುಖವಾಗಿ ಸಾಗುತ್ತದೆ. ಬೆಂಗಳೂರಿನ ಡಿಸೆಂಬರ್–ಜನವರಿಯ ಬೆಳಗಿನ ಹೊತ್ತು ಹೇಳಿ ಮಾಡಿಸಿದಂತಿರುತ್ತದೆ. ಕರಾವಳಿಯವರಿಗೆ ಎ.ಸಿ. ಇಲ್ಲದೆ ಆಗದು, ಸೆಕೆಗಿಂತ ಹೆಚ್ಚಾಗಿ ಗಾಳಿಯ ತೇವದ ಕಾರಣಕ್ಕೆ.

1. ಚೌಕಟ್ಟು ಕಟ್ಟಿ, ಬೆಳಕು ನಿಲ್ಲಿಸಿ

ಚಾಕೊಲೇಟ್ ಪೊಟ್ಟಣವನ್ನು ಇನ್ನೂ ಒಡೆಯಬೇಡಿ. ಸಣ್ಣದೊಂದು ಮಂಗಳೂರು ಸೌತೆಕಾಯಿ ತಂದು ಕಾಫಿಪುಡಿ ಬಣ್ಣದ ಬಟ್ಟೆಯಲ್ಲಿ ಸುತ್ತಿ. ಅದು ನಿಮ್ಮ ಶಿಲ್ಪದ ಬದಲಿ ಆಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಅಡಿಕೆ ಹಾಳೆಯ ಒಂದು ತುಂಡು ಹಾಸಿ, ಅದರ ಮೇಲೆ ಸೌತೆಯನ್ನು ಓರೆಯಾಗಿ ಮಲಗಿಸಿ. ಹಿಂದೆ ಮಾಸಿದ ನೀಲಿ ಅಥವಾ ಬೂದು ಬಟ್ಟೆ ಇಳಿಬಿಡಿ. ಕಂದು ಬಣ್ಣ ತಣ್ಣನೆಯ ನೀಲಿಯ ಮುಂದೆ ಎದ್ದು ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಾಯಿಯ ಅಂಚು ಕಳೆದುಹೋಗುತ್ತದೆ, ಅಚ್ಚ ಬಿಳಿಯ ಮೇಲೆ ಬರೀ ಕಪ್ಪು ಆಕೃತಿಯಾಗುತ್ತದೆ.

ಬೆಳಕು ಕಾಯಿಯ ಹಿಂದಿನ ಪಕ್ಕದಿಂದ ಬರಬೇಕು. ಮೇಜನ್ನು ಗಡಿಯಾರದ ಮುಖವೆಂದುಕೊಂಡು ಕ್ಯಾಮೆರಾವನ್ನು ಆರರಲ್ಲಿ ಇಟ್ಟರೆ ಕಿಟಕಿ ಹತ್ತರಲ್ಲಿ ಇರಲಿ. ನೇರ ಬಿಸಿಲು ಬೀಳುವ ಕಿಟಕಿ ಬೇಡವೇ ಬೇಡ, ಉತ್ತರದ ಕಿಟಕಿ ಉತ್ತಮ. ಗಾಜಿಗೆ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಪಂಚೆ ಕಟ್ಟಿದರೆ ಬೆಳಕು ಹರಡಿ ಮೆದುವಾಗುತ್ತದೆ. ಎದುರು ಬದಿಯಲ್ಲಿ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಅದನ್ನು ಹಿಂದೆ ಮುಂದೆ ಸರಿಸುತ್ತಾ ನೋಡಿ. ಹಲಗೆ ಹತ್ತಿರ ಬಂದಷ್ಟೂ ನೆರಳಿನ ಬದಿ ತಿಳಿಯಾಗುತ್ತದೆ. ತೀರಾ ಹತ್ತಿರ ತಂದರೆ ಎರಡೂ ಬದಿ ಒಂದೇ ಆಗಿ ಉಬ್ಬು ಚಪ್ಪಟೆಯಾಗುತ್ತದೆ.

ಎದುರಿನಿಂದ ಹೊಡೆಯುವ ಫ್ಲ್ಯಾಶ್ ಬಳಸಲೇಬೇಡಿ. ಕಪ್ಪು ಮುದ್ದೆಯ ಮೂಲ ಅದೇ. ಬಿಸಿಯಾಗುವ ಹಳೆಯ ಬಲ್ಬುಗಳೂ ಬೇಡ. ಕೃತಕ ಬೆಳಕು ಬೇಕಾದರೆ ಎಲ್‌ಇಡಿ.

ಈಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಕಾಯಿಯ ಯಾವ ಭಾಗ ಒಡೆದು ಬೀಜ ಕಾಣಬೇಕು ಎಂದು ಅದರ ಮೇಲೆ ಗುರುತು ಹಾಕಿ. ಬೀಜಗಳು ಕ್ಯಾಮೆರಾದತ್ತ ಇರಲಿ, ಆದರೆ ಕಿಟಕಿಯ ಬೆಳಕು ಅವುಗಳ ಮೇಲೆ ಅಡ್ಡಲಾಗಿ ಹಾಯುವಂತೆ. ಹಾಳೆಯ ಜಾಗ, ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳ ಜಾಗಕ್ಕೆ ಅಂಟುಪಟ್ಟಿ ಹಚ್ಚಿಬಿಡಿ. ನಾಳೆ ಇದೇ ಜಾಗಕ್ಕೆ ಮರಳಬೇಕು.

2. ಮುದ್ದೆ ಮಾಡಿ, ರಾತ್ರಿ ಬಿಡಿ

ಕರಗಿದ ಚಾಕೊಲೇಟಿಗೆ ಗ್ಲೂಕೋಸ್ ಸೇರಿಸಿ ಮಾಡುವ ಮುದ್ದೆಗೆ ಮಾಡೆಲಿಂಗ್ ಚಾಕೊಲೇಟ್ ಎನ್ನುತ್ತಾರೆ. ಕೇಕಿನ ಮೇಲೆ ಹೂವು, ಗೊಂಬೆ ಮಾಡುವವರು ಬಳಸುವುದು ಇದನ್ನೇ. 300 ಗ್ರಾಂ ಡಾರ್ಕ್ ಕಾಂಪೌಂಡಿಗೆ 120 ಗ್ರಾಂ ಗ್ಲೂಕೋಸ್; 100 ಗ್ರಾಂ ಬಿಳಿಗೆ 28ರಿಂದ 30 ಗ್ರಾಂ ಮಾತ್ರ. ಬಿಳಿಯಲ್ಲಿ ತೇವ ಹೀರುವ ಕೊಕ್ಕೊ ಪುಡಿ ಇಲ್ಲದ ಕಾರಣ ಅದಕ್ಕೆ ಗ್ಲೂಕೋಸ್ ಕಡಿಮೆ ಸಾಕು.

ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಕುದಿ ಬರುವ ಮುಂಚೆ ಉರಿ ಆರಿಸಿ, ಮೇಲೆ ಸ್ಟೀಲ್ ಬೋಗುಣಿಯನ್ನು ಅದರ ತಳ ನೀರಿಗೆ ತಾಗದಂತೆ ಕೂರಿಸಿ. ಹೆಚ್ಚಿದ ಚಾಕೊಲೇಟ್ ಹಾಕಿ ಕರಗಿಸಿ. ಡಾರ್ಕ್ ಕಾಂಪೌಂಡ್ 45 ಡಿಗ್ರಿ, ಬಿಳಿ 40 ಡಿಗ್ರಿ ದಾಟಬಾರದು. ಬಿಳಿ ಬೇಗ ಸೀದು ಹರಳುಹರಳಾಗುತ್ತದೆ. ಮೈಕ್ರೋವೇವ್ ಇದ್ದರೆ ಅರ್ಧ ಶಕ್ತಿಯಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ಕಲಕಿ.

ಕರಗುವಾಗ ನೀರಿನ ಹನಿ, ಹಬೆ ಯಾವುದೂ ಒಳಗೆ ಬೀಳದಿರಲಿ. ಸಕ್ಕರೆಯ ಕಣಗಳು ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡು ಇಡೀ ಚಾಕೊಲೇಟ್ ಒರಟಾಗಿ ಗಟ್ಟಿಯಾಗಿಬಿಡುತ್ತದೆ. ಗ್ಲೂಕೋಸ್ ಸೇರಿಸಿದಾಗ ನಾವು ಮಾಡುವುದೂ ಇದನ್ನೇ, ಆದರೆ ಬೇಕೆಂದೇ, ಅಳತೆಯಿಂದ. ಗ್ಲೂಕೋಸ್ ತೆಗೆಯಲು ಅನೇಕರು ಬೆರಳನ್ನು ನೀರಿನಲ್ಲಿ ಅದ್ದುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಡಬ್ಬಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿದರೆ ಅದು ಸಡಿಲವಾಗುತ್ತದೆ, ಚಮಚಕ್ಕೆ ಒಂದಿಷ್ಟು ಎಣ್ಣೆ ಸವರಿದರೆ ಜಾರಿ ಬೀಳುತ್ತದೆ. ಚಾಕೊಲೇಟ್ 35 ಡಿಗ್ರಿಗೆ ಇಳಿದಾಗ ಅಷ್ಟೇ ಬೆಚ್ಚಗಿರುವ ಗ್ಲೂಕೋಸನ್ನು ಒಮ್ಮೆಗೇ ಸುರಿಯಿರಿ. ತಣ್ಣಗಿದ್ದದ್ದನ್ನು ಸುರಿದರೆ ಗಂಟು ಕಟ್ಟುತ್ತದೆ.

ಈಗ ನಿಧಾನವಾಗಿ ಮಡಚುತ್ತಾ ಕಲಸಿ. ಮೊದಲು ಹೊಳಪು ಮಾಯವಾಗುತ್ತದೆ, ಆಮೇಲೆ ಮಿಶ್ರಣ ಬೋಗುಣಿಯ ಬದಿ ಬಿಟ್ಟು ಒಂದೇ ಮುದ್ದೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಈ ಹಂತದಲ್ಲಿ ಕೆಡುವ ಮುದ್ದೆಗಳೆಲ್ಲ ಕೆಡುವುದು ಇನ್ನೂ ನಾಲ್ಕು ಸುತ್ತು ಕಲಸೋಣ ಎಂಬ ಆಸೆಯಿಂದ. ಹೆಚ್ಚು ಕಲಸಿದರೆ ಕೊಬ್ಬು ಬೇರ್ಪಟ್ಟು ಎಣ್ಣೆ ಒಸರುತ್ತದೆ. ಮುದ್ದೆಯನ್ನು ಕ್ಲಿಂಗ್ ಫಿಲ್ಮಿನಲ್ಲಿ ಒಂದು ಬೆರಳು ದಪ್ಪಕ್ಕೆ ತಟ್ಟಿ ಸುತ್ತಿ, ತಂಪಾದ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಫ್ರಿಜ್ ಬೇಡ.

ಮರುದಿನ ಅದು ಕಲ್ಲಿನಂತಿರುತ್ತದೆ, ಹೆದರಬೇಡಿ. ತುಂಡು ಮಾಡಿ ಅಂಗೈಯ ಬಿಸಿಯಲ್ಲಿ ನಾದಿದರೆ ಮೆತ್ತಗಾಗುತ್ತದೆ. ಪುಡಿಪುಡಿಯಾಗುತ್ತಿದ್ದರೆ ಕಾಲು ಚಮಚ ಗ್ಲೂಕೋಸ್ ಸೇರಿಸಿ ನಾದಿ. ಎಣ್ಣೆ ಒಸರಿದರೆ ಅದನ್ನು ಒರೆಸಿ ಚೆಲ್ಲಬೇಡಿ. ಮುದ್ದೆ ಬಿಸಿಯಾಗಿದೆ ಎಂದಷ್ಟೇ ಅರ್ಥ. ಸುತ್ತಿಟ್ಟು ಒಂದು ಗಂಟೆ ಬಿಟ್ಟು ಮತ್ತೆ ನಾದಿದರೆ ಕೊಬ್ಬು ಒಳಗೆ ಸೇರಿಕೊಳ್ಳುತ್ತದೆ.

3. ಒಳಗಿನ ಗಟ್ಟು

ಕಾಯಿಯನ್ನು ಇಡಿಯಾಗಿ ಚಾಕೊಲೇಟಿನಲ್ಲೇ ಮಾಡಿದರೆ ತನ್ನ ಭಾರಕ್ಕೆ ತಾನೇ ತಳದಲ್ಲಿ ಚಪ್ಪಟೆಯಾಗುತ್ತದೆ. ಫಾಯಿಲನ್ನು ಬಿಗಿಯಾಗಿ ಮುದುರಿ, ಸುಮಾರು 12 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ದಪ್ಪದ ಮೊಟ್ಟೆಯಾಕಾರ ಮಾಡಿ ಕ್ಲಿಂಗ್ ಫಿಲ್ಮ್ ಸುತ್ತಿ. ಇದೇ ಒಳಗಿನ ಗಟ್ಟು. ಬೀಜಗಳು ಬರಬೇಕಾದ ಕಡೆ ಹೆಬ್ಬೆರಳಿನಿಂದ ಒತ್ತಿ ಒಂದೂವರೆ ಸೆಂಟಿಮೀಟರ್ ಆಳದ ಉದ್ದನೆಯ ಗುಳಿ ಮಾಡಿ. ಫೋಟೋ ಮುಗಿದ ಮೇಲೆ ಮಕ್ಕಳಿಗೆ ತಿನ್ನಲು ಕೊಡುವ ಯೋಚನೆಯಿದ್ದರೆ ಫಾಯಿಲ್ ಬದಲು ಗರಿಗರಿ ಪುರಿಯನ್ನು ಕರಗಿದ ಚಾಕೊಲೇಟಿನಲ್ಲಿ ಕಲಸಿ, ಅದೇ ಆಕಾರಕ್ಕೆ ಒತ್ತಿ ಆರಲು ಬಿಡಿ.

4. ಸಿಪ್ಪೆ

ಕಡಪ ಕಲ್ಲು ಅಥವಾ ಗ್ರಾನೈಟ್ ಕಟ್ಟೆ ಇದ್ದರೆ ಅಲ್ಲೇ ಕೆಲಸ ಮಾಡಿ, ಕಲ್ಲಿನ ತಂಪು ನೆರವಾಗುತ್ತದೆ. ನಾದಿದ ಮುದ್ದೆ ಚಪಾತಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಗಟ್ಟಿಯಿರಲಿ. ಎರಡು ಕ್ಲಿಂಗ್ ಫಿಲ್ಮುಗಳ ನಡುವೆ 8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಗಟ್ಟಿನ ಮೇಲೆ ಹೊದಿಸಿ, ಗುಳಿಯ ಜಾಗವನ್ನು ಮಾತ್ರ ತೆರೆದಿಡಿ. ಕೂಡುವ ಕಡೆಗಳನ್ನು ಬೆರಳಿನ ಬಿಸಿಯಿಂದ ತಿಕ್ಕಿ ಮರೆಮಾಡಿ. ತೊಟ್ಟಿನ ಬದಿ ಸ್ವಲ್ಪ ಕುಗ್ಗಿರಲಿ, ತುದಿ ಚೂಪಾಗಿ ಒಂದು ಕಡೆಗೆ ಬಾಗಿರಲಿ.

ಹಲ್ಲುಕಡ್ಡಿಯಿಂದ ತೊಟ್ಟಿನಿಂದ ತುದಿಗೆ ಐದು ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರ ಹೊಟ್ಟೆಯ ಬಳಿ ಅಗಲ, ಎರಡೂ ತುದಿಗಳಲ್ಲಿ ಒತ್ತೊತ್ತು. ಈ ಗೆರೆಗಳ ಮೇಲೆ ಪೆನ್ಸಿಲನ್ನು ಮಲಗಿಸಿ ಒತ್ತಿ ಆಳ ಮಾಡಿ. ಆಮೇಲೆ ನಡುನಡುವೆ ಇನ್ನೈದು ಗೆರೆ, ಇವು ಆಳವಿಲ್ಲದವು. ಎಲ್ಲವೂ ಒಂದೇ ಆಳವಾದರೆ ನೋಡಿದವರು ಕುಂಬಳಕಾಯಿ ಎನ್ನುತ್ತಾರೆ. ತೆರೆದ ಭಾಗ ಮತ್ತು ಮೇಜಿಗೆ ತಾಗುವ ಭಾಗ ಬಿಟ್ಟರೆ ಕ್ಯಾಮೆರಾಕ್ಕೆ ಕಾಣುವುದು ನಾಲ್ಕೈದು ಗೀರು ಮಾತ್ರ. ಶ್ರಮವೆಲ್ಲ ಅಲ್ಲಿಗೆ ಹೋಗಲಿ.

ಗಂಟುಗಳಿಗೆ ಒಂದು ಸುಲಭ ಉಪಾಯವಿದೆ. ಫಾಯಿಲಿನ ಚೂರೊಂದನ್ನು ಸಡಿಲವಾಗಿ ಮುದುರಿ ಉಂಡೆ ಮಾಡಿ, ಏಣುಗಳ ಮೇಲೆ ಒತ್ತುತ್ತಾ ಹೋಗಿ. ಪ್ರತಿ ಸಲ ಉಂಡೆಯನ್ನು ಸ್ವಲ್ಪ ತಿರುಗಿಸಿ, ಇಲ್ಲದಿದ್ದರೆ ಒಂದೇ ಅಚ್ಚು ಮತ್ತೆ ಮತ್ತೆ ಬಿದ್ದು ಗುಟ್ಟು ಬಯಲಾಗುತ್ತದೆ. ಗೀರುಗಳ ಒಳಗೆ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಕುಟ್ಟಿ. ಅಸಲಿ ಕಾಯಿ ಕೈಗೆ ಸಿಕ್ಕರೆ ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಅಡ್ಡ ಬೆಳಕಿಗೆ ಹಿಡಿದು ನೋಡಿ; ಒಂದು ಏಣು ಇನ್ನೊಂದರಂತೆ ಇರುವುದಿಲ್ಲ, ಒಂದು ಕಡೆ ಉಜ್ಜಿದ ಕಲೆ, ಇನ್ನೊಂದು ಕಡೆ ಬಿರುಕು ಇದ್ದೇ ಇರುತ್ತದೆ. ಅಂಥ ಒಂದು ಕಲೆಯನ್ನು ನಿಮ್ಮ ಕಾಯಿಗೂ ಕೊಡಿ.

ಈಗ ಇಡೀ ಲೇಖನದಲ್ಲಿ ನನಗೆ ಅತ್ಯಂತ ಮುಖ್ಯವಾದ ವಿಷಯ. ಏಣುಗಳ ನೆತ್ತಿಯನ್ನು ಬರಿ ಬೆರಳ ತುದಿಯಿಂದ ಒಂದೆರಡು ಸಲ ಉದ್ದಕ್ಕೆ ಸವರಿ. ಮೈಬಿಸಿಗೆ ಮೇಲ್ಪದರ ತುಸು ಕರಗಿ ನಯವಾಗಿ ಹೊಳೆಯುತ್ತದೆ. ಗೀರುಗಳ ಒಳಕ್ಕೆ ಒಣ ಕುಂಚದಿಂದ ಕೊಕ್ಕೊ ಪುಡಿ ತುಂಬಿ, ಹೆಚ್ಚಾದದ್ದನ್ನು ಊದಿ ತೆಗೆಯಿರಿ. ಪುಡಿ ಹೊಳಪನ್ನು ಕೊಲ್ಲುತ್ತದೆ. ಏಣು ಬೆಳಕನ್ನು ಹಿಡಿಯುತ್ತದೆ, ಗೀರು ಹಿಡಿಯುವುದಿಲ್ಲ. ಈ ಒಂದು ಭೇದವೇ ಚಿತ್ರದಲ್ಲಿ ಉಬ್ಬು ತಗ್ಗುಗಳಾಗಿ ಕಾಣುವುದು. ನೀವು ಎಷ್ಟೇ ಆಳವಾಗಿ ಕೆತ್ತಿ, ಮೈಯೆಲ್ಲ ಒಂದೇ ಹೊಳಪಾಗಿದ್ದರೆ ಕ್ಯಾಮೆರಾಕ್ಕೆ ಅದು ತಿಳಿಯುವುದಿಲ್ಲ.

5. ಒಡೆದ ಅಂಚು ಮತ್ತು ಬೀಜ

ಕಾಯಿಯ ಸಿಪ್ಪೆ ದಪ್ಪ, ಅದರ ಒಳಮೈ ತಿಳಿ ಬಣ್ಣ. ಬಿಳಿ ಮುದ್ದೆಯ ಕಾಲು ಭಾಗಕ್ಕೆ ಚಿಟಿಕೆಯಷ್ಟು ಡಾರ್ಕ್ ಸೇರಿಸಿ ನಾದಿ, ತಿಳಿಗಂದು ಬಂದಾಗ 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಗುಳಿಯ ಒಳಗೆ ಅಂಚಿನವರೆಗೆ ಒತ್ತಿ. ಅಂಚನ್ನು ಚಾಕುವಿನಿಂದ ಕತ್ತರಿಸಬೇಡಿ. ಕೋಲಿನಿಂದ ಹೊಡೆದು ಒಡೆದ ಕಾಯಿಗೆ ನೇರ ಅಂಚು ಎಲ್ಲಿಂದ ಬರಬೇಕು? ಬೆರಳಿನಿಂದ ಚಿವುಟಿ ಹರಿಯಿರಿ. ಪಕ್ಕದಲ್ಲಿ ಬಿದ್ದಿರಬೇಕಾದ ಸಿಪ್ಪೆಯ ತುಂಡನ್ನು ಬೇರೆಯಾಗಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಕೈಯಿಂದ ಮುರಿದರೆ ಒರಟು ಮುಖ ಸಿಗುತ್ತದೆ.

ಬಿಳಿ ಮುದ್ದೆಯಿಂದ ಎರಡೂವರೆ ಸೆಂಟಿಮೀಟರ್ ಉದ್ದದ, ಬಾದಾಮಿ ಆಕಾರದ ಇಪ್ಪತ್ತು ಬೀಜ ಮಾಡಿಕೊಳ್ಳಿ. ಅಸಲಿ ಕಾಯಿಯಲ್ಲಿ ಸಾಮಾನ್ಯವಾಗಿ 30ರಿಂದ 50 ಬೀಜ ಐದು ಸಾಲಿನಲ್ಲಿರುತ್ತವೆ. ನಮಗೆ ಕಾಣುವುದು ಮೂರು ಸಾಲು. ಕರಗಿದ ಬಿಳಿ ಚಾಕೊಲೇಟಿನ ಒಂದೊಂದು ಹನಿಯೇ ಅಂಟು. ಬೀಜಗಳು ಒಂದರ ಮೇಲೊಂದು ತುಸು ಏರಿ ಇಕ್ಕಟ್ಟಾಗಿ ಕೂತಿರಲಿ. ಒಂದೆರಡು ಕೆಳಗೆ ಹಾಳೆಯ ಮೇಲೆ ಬೀಳಲಿ. ಬಿಳಿಯ ಮೇಲೆ ಕಂದು ಬೆರಳಚ್ಚು ಬಿದ್ದರೆ ಹೋಗುವುದು ಕಷ್ಟ, ಆದ್ದರಿಂದ ಬಿಳಿ ಮುಟ್ಟುವ ಮೊದಲು ಹೊಸ ಕೈಗವಸು ಹಾಕಿಕೊಳ್ಳಿ. ಲೋಳೆಯ ಮಿನುಗನ್ನು ಈಗಲೇ ಹಚ್ಚಬೇಡಿ.

6. ಗಟ್ಟಿಯಾಗಲು ಬಿಡುವಾಗ

ಕಾಯಿಯನ್ನು ತಂಪು ಕೋಣೆಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಗಟ್ಟಿಯಾಗುತ್ತದೆ. ತಟ್ಟೆಯನ್ನು ಒಂದು ಬಟ್ಟಲ ಮೇಲಿಟ್ಟು ಆ ಬಟ್ಟಲನ್ನು ನೀರು ತುಂಬಿದ ಪರಾತದ ನಡುವೆ ಇಡಿ. ಇರುವೆಗಳ ವಿಷಯದಲ್ಲಿ ಇದಕ್ಕಿಂತ ನೆಚ್ಚುವ ಉಪಾಯವಿಲ್ಲ.

ಬಿಳಿ ಪೊರೆಯ ಪ್ರಶ್ನೆಗೆ ಇಲ್ಲಿ ಉತ್ತರ. ಬೇಕರಿಯವರು ಇದನ್ನು ಬ್ಲೂಮ್ ಎನ್ನುತ್ತಾರೆ, ಇದರಲ್ಲಿ ಎರಡು ಬಗೆ. ಚಾಕೊಲೇಟ್ ಬೆಚ್ಚಗಾಗಿ ಮತ್ತೆ ತಣಿದಾಗ ಕೊಬ್ಬು ಮೇಲೆ ಬಂದು ಹರಳಾಗುವುದು ಒಂದು. ಫ್ರಿಜ್‌ನಿಂದ ತೆಗೆದ ತಣ್ಣನೆಯ ಮೈಮೇಲೆ ಗಾಳಿಯ ತೇವ ಹನಿಗಟ್ಟಿ, ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ಆ ಸಕ್ಕರೆ ಹರಳಾಗಿ ಉಳಿಯುವುದು ಇನ್ನೊಂದು. ಬೆರಳಿನಿಂದ ಒತ್ತಿ ಹಿಡಿದು ನೋಡಿ: ಮಾಯವಾದರೆ ಕೊಬ್ಬು, ಮರಳಿನಂತೆ ಕೈಗೆ ತಗುಲಿದರೆ ಸಕ್ಕರೆ. ಕೊಬ್ಬಿನದನ್ನು ಸವರಿ ಸರಿಮಾಡಬಹುದು. ಸಕ್ಕರೆಯದಾದರೆ ಆ ಭಾಗವನ್ನು ತೆಗೆದು ಹೊಸದಾಗಿ ಮಾಡುವುದೇ ದಾರಿ. ಸೆಕೆ ಹೆಚ್ಚಿ ಫ್ರಿಜ್ ಅನಿವಾರ್ಯವಾದರೆ ಕಾಯಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ಒಂದು ಗಂಟೆ ಹಿಡಿಯಬಹುದು.

7. ಚಿತ್ರ

ಕೋಣೆ ಒಂದು ಗಂಟೆ ಮೊದಲೇ ತಂಪಾಗಿರಲಿ, ಫ್ಯಾನ್ ಆರಿರಲಿ. ಸೌತೆಕಾಯಿ ಇದ್ದ ಜಾಗದಲ್ಲೇ, ಬೆಳಕು ಸರಿಯಿದೆ ಎಂದು ಇನ್ನೊಮ್ಮೆ ನೋಡಿಕೊಂಡು, ಕಾಯಿ ಇಡಿ. ಕಪ್ಪು ಮೈಮೇಲೆ ಒಂದೊಂದು ಧೂಳಿನ ಕಣವೂ ಕಾಣುತ್ತದೆ, ಒಣ ಕುಂಚದಿಂದ ತೆಗೆಯಿರಿ. ಕೊನೆಯದಾಗಿ ಬೆಚ್ಚಗಿನ ಗ್ಲೂಕೋಸನ್ನು ಬೀಜಗಳ ಮೇಲೆ ತೆಳುವಾಗಿ ಸವರಿ. ಲೋಳೆ ಎಂದರೆ ಲೋಳೆಯೇ ಆಗುತ್ತದೆ.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ ಎಫ್/8ರಿಂದ ಎಫ್/11. ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಿಂಡಿ. ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು, ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಬರುವ ಭಾಗ ಹೆಚ್ಚು. ಎಫ್/16 ದಾಟಿದರೆ ಒಟ್ಟಾರೆ ಚಿತ್ರವೇ ಮೆದುವಾಗುತ್ತದೆ. ಫೋಕಸ್ ಹತ್ತಿರದ ಬೀಜದ ಸಾಲಿನ ಮೇಲೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಗುಂಡಿ ಒತ್ತಿದ ಅದುರು ಉಳಿಯುವುದಿಲ್ಲ.

ಕ್ಯಾಮೆರಾದ ಬೆಳಕಿನ ಅಳತೆ ಎಲ್ಲವನ್ನೂ ನಡು ಬೂದು ಎಂದೇ ಭಾವಿಸುತ್ತದೆ. ಕಡುಗಂದು ಕಾಯಿಯನ್ನು ತೋರಿಸಿದರೆ ಅದು ಬೆಳಕು ಹೆಚ್ಚಿಸಿ ಮಾಸಲು ಕಂದು ಮಾಡುತ್ತದೆ, ಬೀಜಗಳು ಬಿಳಿಚಿ ವಿವರ ಕಳೆದುಕೊಳ್ಳುತ್ತವೆ. ಎಕ್ಸ್‌ಪೋಶರ್ ಹೊಂದಾಣಿಕೆಯನ್ನು ಸೊನ್ನೆಗಿಂತ ಮುಕ್ಕಾಲಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕೆಳಗಿಳಿಸಿ, ಬೀಜದ ಮೈಯ ಗೆರೆ ಕಾಣುವವರೆಗೆ. ಕಾಯಿ ಕಪ್ಪಾಯಿತೆನಿಸಿದರೆ ಕ್ಯಾಮೆರಾವನ್ನು ಮುಟ್ಟಬೇಡಿ, ಥರ್ಮೋಕೋಲನ್ನು ಒಂದು ಗೇಣು ಮುಂದೆ ತನ್ನಿ.

ಕಿಟಕಿಯ ಬೆಳಕಿನ ಜೊತೆ ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆರಿಸಿ. ಎರಡು ಬಗೆಯ ಬೆಳಕು ಕೂಡಿದರೆ ಚಾಕೊಲೇಟಿಗೆ ಒಂದು ಬದಿಯಲ್ಲಿ ಹಸಿರು ಛಾಯೆ ಬರುತ್ತದೆ, ತಿದ್ದುವಾಗ ಅದು ಸುಲಭವಾಗಿ ಹೋಗುವುದಿಲ್ಲ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆಯನ್ನು, ಬೂದು ಕಾರ್ಡ್ ಇಟ್ಟು ಒಮ್ಮೆ ಸರಿಮಾಡಿಕೊಳ್ಳಿ.

ಮೊಬೈಲಿನವರು 2ಎಕ್ಸ್ ಲೆನ್ಸ್ ಬಳಸಿ, ಸ್ವಲ್ಪ ದೂರ ನಿಲ್ಲಿ. ತೀರಾ ಹತ್ತಿರದಿಂದ ತೆಗೆದರೆ ಕಾಯಿಯ ಮುಂಭಾಗ ಊದಿದಂತೆ ಕಾಣುತ್ತದೆ. ಬೀಜದ ಮೇಲೆ ಒತ್ತಿ ಹಿಡಿದು ಫೋಕಸ್ ಬೀಗ ಹಾಕಿ, ಬೆರಳನ್ನು ಕೆಳಕ್ಕೆಳೆದು ಬೆಳಕು ತಗ್ಗಿಸಿ. ಪೋರ್ಟ್ರೇಟ್ ಮೋಡ್ ಬೇಡ, ಹರಿದ ಅಂಚುಗಳನ್ನು ಅದು ತಪ್ಪಾಗಿ ಮಸುಕುಗೊಳಿಸುತ್ತದೆ.

ಮೊದಲ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬೆರಳಚ್ಚು, ಫಾಯಿಲಿನ ಮಿಂಚು, ಪುಡಿಯ ಚಲ್ಲು ಈಗಲೇ ಕಾಣಲಿ. ಕಂಪ್ಯೂಟರಿನಲ್ಲಿ ಒಂದು ಗಂಟೆ ತಿದ್ದುವುದನ್ನು ಕುಂಚ ಒಂದು ನಿಮಿಷದಲ್ಲಿ ತಿದ್ದುತ್ತದೆ. ಏಣುಗಳು ಸಾಕಷ್ಟು ಮಿನುಗದಿದ್ದರೆ ಅಲ್ಲೇ ಬೆರಳಿನಿಂದ ಮತ್ತೊಮ್ಮೆ ಸವರಿ. ಬೀಜಗಳ ಮೇಲಿನ ಗ್ಲೂಕೋಸ್ ಹೊತ್ತು ಹೋದಂತೆ ಕೆಳಗೆ ಇಳಿದು ಹೊಂಡಗಟ್ಟುತ್ತದೆ, ಒಣ ಕುಂಚದ ತುದಿಯಿಂದ ಹೀರಿಸಿ ಮತ್ತೆ ಹಚ್ಚಿ.

ಉಳಿದ ಮುದ್ದೆಯನ್ನು ಕ್ಲಿಂಗ್ ಫಿಲ್ಮಿನಲ್ಲಿ ಎರಡು ಸುತ್ತು ಸುತ್ತಿ ಡಬ್ಬಿಯಲ್ಲಿಟ್ಟು, ಬೆಳಕು ಬೀಳದ ತಂಪು ಜಾಗದಲ್ಲಿ ಇಡಿ. ಮಸಾಲೆ ಡಬ್ಬಿಗಳಿಂದ ದೂರವಿರಲಿ, ಚಾಕೊಲೇಟ್ ವಾಸನೆಯನ್ನು ಬೇಗ ಹೀರುತ್ತದೆ. ಕೆಲವು ವಾರ ಕಳೆದ ಮೇಲೂ ಅಂಗೈಯಲ್ಲಿ ನಾದಿದರೆ ಮತ್ತೆ ಹದಕ್ಕೆ ಬರುತ್ತದೆ.